ಏಪ್ರಿಲ್ 25: ವಿದುರಾಶ್ವತ್ಥದಲ್ಲಿ ಸತ್ತವರು ಎಷ್ಟು ಜನ?

ನಮ್ಮ ನ್ಯೂಸ್‌ರೂಮಿನಲ್ಲಿ ಒಂದು ಅಭ್ಯಾಸ ಇದೆ. ಬೆಳಗಿನ ಬುಲೆಟಿನ್‌ಗೆ ಕೂರುವ ಮುಂಚೆ 'ಇತಿಹಾಸದಲ್ಲಿ ಈ ದಿನ' ಅಂತ ಒಂದು ಚೀಟಿ ನನ್ನ ಕೈಗೆ ಬರುತ್ತೆ. ಒಮ್ಮೆ ಏಪ್ರಿಲ್ 25ರ ಚೀಟಿ ಬಂತು. 1874ರಲ್ಲಿ ರೇಡಿಯೋ ಖ್ಯಾತಿಯ ಮಾರ್ಕೋನಿ ಹುಟ್ಟಿದ ದಿನ. 1953ರಲ್ಲಿ ಡಿಎನ್‌ಎ ರಚನೆಯ ಲೇಖನ ಪ್ರಕಟವಾದ ದಿನ. ಎರಡೂ ನಿಜ, ಎರಡೂ ದೊಡ್ಡ ಸಂಗತಿಗಳೇ. ಆದರೆ ಬೆಂಗಳೂರಿನಿಂದ ಎರಡು ಗಂಟೆ ದಾರಿಯ ವಿದುರಾಶ್ವತ್ಥ ಆ ಚೀಟಿಯಲ್ಲಿ ಇರಲೇ ಇಲ್ಲ.

ಗೌರಿಬಿದನೂರು ತಾಲ್ಲೂಕಿನ ಈ ಊರನ್ನು ನಾಗರಕಲ್ಲುಗಳಿಗಾಗಿ ನೀವು ಬಲ್ಲಿರಿ. 1938ರ ಏಪ್ರಿಲ್ 25ರಂದು ಅಲ್ಲಿ ನಡೆದದ್ದೇ ಬೇರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅದೇ ತಿಂಗಳು ಮದ್ದೂರಿನ ಹತ್ತಿರ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದಿತ್ತು. ರಾಷ್ಟ್ರಧ್ವಜ ಹಾರಿಸಬಾರದು ಅಂತ ನಿಷೇಧಾಜ್ಞೆ. ಅದನ್ನು ಮುರಿದದ್ದಕ್ಕೆ ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರ ಬಂಧನವಾಯಿತು. ಅಲ್ಲಿಂದ ಧ್ವಜ ಸತ್ಯಾಗ್ರಹ ಊರೂರಿಗೆ ಹಬ್ಬಿತು. ವಿದುರಾಶ್ವತ್ಥದಲ್ಲೂ ನಿಷೇಧ ಇತ್ತು. ಆದರೂ ಸಾವಿರಾರು ಜನ ಸೇರಿದರು. ಸಭೆ ಚದುರಿಸೋಕೆ ಬಂದ ಪೊಲೀಸರು ಗುಂಡು ಹಾರಿಸಿದರು.

ಇಲ್ಲಿ ಒಂದು ವಿಷಯ ಗಮನಿಸಿ. ಇದನ್ನು 'ದಕ್ಷಿಣದ ಜಲಿಯನ್‌ವಾಲಾಬಾಗ್' ಅಂತ ಕರೀತಾರೆ. 1919ರ ಏಪ್ರಿಲ್ 13ರಂದು ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಬ್ರಿಟಿಷ್ ಜನರಲ್ ಡಯರ್. ಇಲ್ಲಿ ಹಾಗಲ್ಲ. ಇದು ಮೈಸೂರು ಸಂಸ್ಥಾನ. ಸಿಂಹಾಸನದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾಲಯ, ವಿದ್ಯುದ್ದೀಪ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅದೇ ಮಾದರಿ ಮೈಸೂರು! ಬಹುಶಃ ಈ ದಿನವನ್ನು ನಾವು ಮರೆತದ್ದಕ್ಕೆ ಕಾರಣವೂ ಇದೇ. ಬೈಯೋಕೆ ಪರಕೀಯ ಸಿಕ್ಕರೆ ಇತಿಹಾಸ ಸುಲಭ. ನಾವು ಗೌರವಿಸುವವರ ಆಡಳಿತದಲ್ಲೇ ರಕ್ತ ಹರಿದರೆ ಕಷ್ಟ. ನಾಲ್ವಡಿಯವರ ಕೊಡುಗೆ ಇದರಿಂದ ಸಣ್ಣದಾಗಲ್ಲ. ಹಾಗಂತ ಈ ಸಾವುಗಳನ್ನು ಪುಟದಿಂದ ಕಿತ್ತುಹಾಕೋಕೂ ಆಗಲ್ಲ.

ಸುದ್ದಿ ತಿಳಿದ ಗಾಂಧೀಜಿ ಸುಮ್ಮನಿರಲಿಲ್ಲ. ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು. ಮಿರ್ಜಾ-ಪಟೇಲ್ ಒಪ್ಪಂದವಾಯಿತು. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಅಂತ ಸರ್ಕಾರ ಒಪ್ಪಿತು. ಅಂದ್ರೆ ಯಾವುದಕ್ಕಾಗಿ ಗುಂಡು ಹಾರಿತ್ತೋ, ಕೆಲವೇ ವಾರಗಳಲ್ಲಿ ಅದು ಅಪರಾಧವೇ ಅಲ್ಲ ಅಂತಾಯಿತು. ಮೈಸೂರಿಗೆ ಜವಾಬ್ದಾರಿ ಸರ್ಕಾರ ಬರಲು ಮಾತ್ರ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಸತ್ತವರು ಎಷ್ಟು? ಸರ್ಕಾರ ಹತ್ತು ಅಂದಿತು. ಜನರ ಲೆಕ್ಕ 32ರ ಆಸುಪಾಸು. ವೀಕ್ಷಕರೇ, 'ಅಧಿಕೃತ ಮೂಲಗಳ ಪ್ರಕಾರ' ಅಂತ ನಾನು ದಿನಕ್ಕೆ ಹತ್ತು ಸಲ ಓದ್ತೀನಿ. ಪರದೆಯ ಕೆಳಗೆ ಅಂಕಿ ಓಡುತ್ತೆ, ಜಾಹೀರಾತು ಬರುತ್ತೆ, ಮುಂದಿನ ಸುದ್ದಿಗೆ ಹೋಗ್ತೀವಿ. ಆ ಎರಡು ಲೆಕ್ಕಗಳ ನಡುವೆ ಬಿಟ್ಟುಹೋದ ಇಪ್ಪತ್ತಕ್ಕೂ ಹೆಚ್ಚು ಜನರಿಗೂ ಮನೆ ಇತ್ತು, ಹೊಲ ಇತ್ತು, ಸಂಜೆ ಬಾಗಿಲಲ್ಲಿ ಕಾಯುವವರಿದ್ದರು.

ಆ ದಿನ ಚೀಟಿಯ ಮೇಲ್ಭಾಗದಲ್ಲಿ ನಾನೇ ಪೆನ್ನಿನಲ್ಲಿ ಬರೆದೆ: 1938, ವಿದುರಾಶ್ವತ್ಥ. ಮಾರ್ಕೋನಿಗಿಂತ ಮೊದಲು ಅದನ್ನೇ ಓದಿದೆ.