ತ್ರಿಕೋನದೊಳಗಿನ ಚುಕ್ಕಿ

ಮೂರು ಪಾಲುಗಳು ಸೇರಿ ನೂರಾಗುವುದಾದರೆ ಎರಡನ್ನು ಹೇಳಿದರೆ ಸಾಕು, ಮೂರನೆಯದು ತಾನಾಗಿಯೇ ತಿಳಿಯುತ್ತದೆ. ಹಾಗಾಗಿ ಮೂರು ಸಂಖ್ಯೆಗಳನ್ನು ಕಾಗದದ ಮೇಲೆ ಒಂದೇ ಚುಕ್ಕಿಯಾಗಿ ಇಡಬಹುದು. ಸಮಬಾಹು ತ್ರಿಕೋನದ ಒಳಗೆ ಚುಕ್ಕಿ ಎಲ್ಲಿದ್ದರೂ ಅದರಿಂದ ಮೂರು ಬಾಹುಗಳಿಗೆ ಎಳೆದ ಲಂಬಗಳ ಮೊತ್ತ ತ್ರಿಕೋನದ ಎತ್ತರಕ್ಕೆ ಸಮ. ಗೆಲಿಲಿಯೋನ ಶಿಷ್ಯ ವಿವಿಯಾನಿಯ ಹೆಸರಿನಲ್ಲಿರುವ ಪ್ರಮೇಯ ಇದು. ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್‌ಗಳಲ್ಲಿ ‘ಟರ್ನರಿ ಪ್ಲಾಟ್’ ಎಂದು ಕಾಣಿಸಿಕೊಳ್ಳುವ ಚಿತ್ರದ ಬುಡದಲ್ಲಿರುವುದು ಇಷ್ಟೇ ರೇಖಾಗಣಿತ.

ಆದರೆ ಈ ತ್ರಿಕೋನ ಬೆಳೆದದ್ದು ಬಣ್ಣಗಳ ಸಹವಾಸದಲ್ಲಿ. 1758ರಲ್ಲಿ ಗಾಟಿಂಗೆನ್‌ನ ಖಗೋಳಜ್ಞ ಟೋಬಿಯಾಸ್ ಮೇಯರ್ ಕೆಂಪು, ಹಳದಿ, ನೀಲಿಗಳನ್ನು ಮೂರು ಮೂಲೆಗಳಲ್ಲಿಟ್ಟು, ಪ್ರತಿ ಬಾಹುವನ್ನು ಹನ್ನೆರಡು ಪಾಲು ಮಾಡಿ, 91 ಮಿಶ್ರಣಗಳ ತ್ರಿಕೋನವೊಂದನ್ನು ವಿವರಿಸಿದ. ಹನ್ನೆರಡೇ ಏಕೆ? ಅದಕ್ಕಿಂತ ಸಣ್ಣ ವ್ಯತ್ಯಾಸವನ್ನು ಕಣ್ಣು ಗುರುತಿಸದು ಎಂಬುದು ಅವನ ಲೆಕ್ಕ. ಅಳತೆಪಟ್ಟಿಯಲ್ಲಿ ಎಷ್ಟು ಗೆರೆ ಇರಬೇಕೆಂಬ ಪ್ರಶ್ನೆಗೆ ಇಷ್ಟು ನೇರವಾದ ಕಾರಣ ಕೊಟ್ಟವರು ಈಗಲೂ ಕಡಿಮೆ. ಮೇಯರ್ 1762ರಲ್ಲಿ ತೀರಿಕೊಂಡ. ಅವನ ಬರಹವನ್ನು 1775ರಲ್ಲಿ ಅಚ್ಚಿಗೆ ತಂದವನು ಲಿಕ್ಟೆನ್‌ಬರ್ಗ್.

ಮ್ಯಾಕ್ಸ್‌ವೆಲ್ 1855ರಲ್ಲಿ ಬುಗುರಿಯೊಂದರ ಮೇಲೆ ಇಂಗಳೀಕದ ಕೆಂಪು, ಪಚ್ಚೆ ಹಸಿರು, ಕಡುನೀಲಿ ಕಾಗದದ ಬಿಲ್ಲೆಗಳನ್ನು ಸಿಕ್ಕಿಸಿ ತಿರುಗಿಸಿದ. ಯಾವ ಬಣ್ಣದ ಎಷ್ಟು ಪಾಲು ಹೊರಗೆ ಕಾಣುತ್ತಿತ್ತೋ ಅದೇ ತ್ರಿಕೋನದಲ್ಲಿ ಚುಕ್ಕಿಯ ಜಾಗ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಅವನು ನೋಡುಗರನ್ನೂ ಬೇರೆಬೇರೆಯಾಗಿ ಗಮನಿಸಿದ್ದು. ಬಣ್ಣಗುರುಡು ಇದ್ದವರಿಗೆ ಬಣ್ಣ ಹೊಂದಿಸಲು ಒಂದು ಬಿಲ್ಲೆ ಕಡಿಮೆಯಾದರೂ ಸಾಕಾಗುತ್ತಿತ್ತು. ಒಂದೇ ತ್ರಿಕೋನ, ಎರಡು ಗುಂಪಿನ ಕಣ್ಣುಗಳು. ಇಂದು ನಾವು ‘ವರ್ಗೀಕೃತ’ ಎನ್ನುವ ನಕ್ಷೆಯ ವಿಚಾರ ಆಗಲೇ ಅಲ್ಲಿತ್ತು. ಮುಂದೆ ಗಿಬ್ಸ್ ಇದೇ ತ್ರಿಕೋನವನ್ನು ಮೂರು ಘಟಕಗಳ ರಾಸಾಯನಿಕ ಮಿಶ್ರಣಗಳಿಗೆ ಒಗ್ಗಿಸಿದ, ಲೋಹವಿಜ್ಞಾನಿಗಳೂ ಭೂವಿಜ್ಞಾನಿಗಳೂ ಹಿಂದೆಯೇ ಬಂದರು.

ನಿಜವಾದ ಜಗಳ ಇರುವುದು ಮಣ್ಣಿನಲ್ಲಿ. ಅಮೆರಿಕದ ಕೃಷಿ ಇಲಾಖೆಯ ತ್ರಿಕೋನದಲ್ಲಿ ಜೇಡಿ ಮೇಲಿನ ಮೂಲೆ, ಮರಳು ಎಡಕ್ಕೆ, ರೇವೆ ಬಲಕ್ಕೆ; ಒಳಗೆ 12 ವರ್ಗಗಳು. 40 ಪಾಲು ಮರಳು, 40 ಪಾಲು ರೇವೆ, 20 ಪಾಲು ಜೇಡಿ ಇದ್ದರೆ ಅದು ‘ಲೋಮ್’. ನಮ್ಮ ಬಯಲುಸೀಮೆಯ ಎರೆ ಭೂಮಿಯ ಮಣ್ಣಾದರೆ ಚುಕ್ಕಿ ಮೇಲಿನ ಮೂಲೆಯತ್ತ ಏರುತ್ತದೆ. ಆದರೆ ಜೇಡಿ ಎಂದರೆ ಯಾವುದು? 1938ರವರೆಗೆ ಆ ಇಲಾಖೆಗೆ 0.005 ಮಿಲಿಮೀಟರಿಗಿಂತ ಸಣ್ಣ ಕಣವೆಲ್ಲ ಜೇಡಿ. ಆ ವರ್ಷ ಗಡಿಯನ್ನು 0.002ಕ್ಕೆ ಇಳಿಸಿದರು. ಒಂದು ಹಿಡಿ ಮಣ್ಣಿನಲ್ಲಿ 25 ಪಾಲು ಮರಳು, 25 ರೇವೆ, 50 ಜೇಡಿ ಇತ್ತೆನ್ನಿ. ಆ ಐವತ್ತರಲ್ಲಿ 15 ಪಾಲು ಈ ಎರಡು ಗಡಿಗಳ ನಡುವಿನ ಕಣಗಳಾಗಿದ್ದರೆ, ಅವು ರೇವೆಯ ಲೆಕ್ಕಕ್ಕೆ ಹೋಗಿ ಜೇಡಿ 35ಕ್ಕೆ ಇಳಿಯುತ್ತದೆ. ಇಂದಿನ ತ್ರಿಕೋನದಲ್ಲಿ ಮೊದಲನೆಯದು ‘ಜೇಡಿ’, ಎರಡನೆಯದು ‘ಜೇಡಿ ಲೋಮ್’. ಹೊಲದಲ್ಲಿ ಒಂದು ಹೆಂಟೆಯೂ ಅಲುಗಿಲ್ಲ! ಒಳಗಿನ ವರ್ಗಗಳ ಗೆರೆಗಳನ್ನೂ ಆಮೇಲೆ ತಿದ್ದಬೇಕಾಯಿತು. ಸಾಲದ್ದಕ್ಕೆ, ಸ್ವೀಡನ್ನಿನ ಆಟರ್‌ಬರ್ಗ್‌ನಿಂದ ಬಂದ ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ರೇವೆ–ಮರಳಿನ ಗಡಿ 0.02, ಅಮೆರಿಕದ್ದರಲ್ಲಿ 0.05. ಒಂದರ ಅಂಕಿಗಳನ್ನು ಇನ್ನೊಂದರ ತ್ರಿಕೋನದ ಮೇಲೆ ಇಟ್ಟರೆ ಚಿತ್ರ ಅಂದವಾಗಿಯೇ ಬರುತ್ತದೆ, ಮಣ್ಣಿನ ಹೆಸರು ಮಾತ್ರ ತಪ್ಪಿರುತ್ತದೆ.

ಸಾಫ್ಟ್‌ವೇರ್‌ನ ಆಯ್ಕೆಗಳ ಪೆಟ್ಟಿಗೆಯನ್ನು ಈ ಚರಿತ್ರೆಯ ಜೊತೆಗಿಟ್ಟೇ ಓದಬೇಕು. ಯಾವ ಅಂಶ ಯಾವ ಮೂಲೆಗೆ, ಅಂಕಿಗಳು ಪ್ರದಕ್ಷಿಣವೋ ಅಪ್ರದಕ್ಷಿಣವೋ, ಅಳತೆ 1ರವರೆಗೋ 100ರವರೆಗೋ ಎಂಬವು ಸುಲಭದವು. ಗುಂಪು ಮಾಡುವ ಆಯ್ಕೆ ಹಾಗಲ್ಲ. ಮಣ್ಣಿನ ಆಳದ ಪ್ರಕಾರ ತ್ರಿಕೋನಗಳನ್ನು ಬೇರ್ಪಡಿಸಿ ಎಂದರೆ, ಯಂತ್ರ ಆಳವನ್ನು ಸಮಾನ ಅಂತರಗಳಾಗಿ ತುಂಡರಿಸಬಹುದು, ಇಲ್ಲವೇ ನಾವು ಕೊಟ್ಟ ಗಡಿಗಳನ್ನು ಒಪ್ಪಿಕೊಳ್ಳಬಹುದು. ನೇಗಿಲು ಎಲ್ಲಿಯವರೆಗೆ ಇಳಿದಿದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಹಾಗಾಗಿ ಗಡಿಗಳನ್ನು ನಾವೇ ಬರೆಯುವುದು ಮೇಲು. ಮೂರು ಅಂಕಿಗಳ ಮೊತ್ತ ನೂರಾಗದಿದ್ದಾಗ ಕೆಲವು ಸಾಫ್ಟ್‌ವೇರ್‌ಗಳು ಸದ್ದಿಲ್ಲದೆ ಅವನ್ನು ಹಿಗ್ಗಿಸಿ ಕುಗ್ಗಿಸಿ ನೂರು ಮಾಡುತ್ತವೆ. 38, 36, 18 ಎಂದು ಕೊಟ್ಟರೂ ಚುಕ್ಕಿಯೊಂದು ಬೀಳುತ್ತದೆ. ಉಳಿದ ಎಂಟು ಪಾಲು ತೂಕದ ತಪ್ಪೋ, ಅಳೆಯದೆ ಬಿಟ್ಟ ಸಾವಯವ ಅಂಶವೋ ಆ ಚಿತ್ರದಲ್ಲಿ ಎಲ್ಲಿಯೂ ಕಾಣದು.