ವೀಲ್‌ಚೇರ್‌ಗೆ ದಾರಿ: ಕಾನೂನಿನಲ್ಲಿ ಏನಿದೆ, ಯಾರನ್ನು ಕೇಳಬೇಕು?

ಯಶವಂತಪುರ ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ, ರೈಲಿನೊಳಗೆ ವೀಲ್‌ಚೇರ್ ನಿಲ್ಲಿಸೋಕೆ ಜಾಗವೂ ಇದೆ. ಆದರೂ ಅಲ್ಲಿ ವೀಲ್‌ಚೇರ್ ಬಳಸುವವರು ಕಾಣಿಸೋದು ಅಪರೂಪ. ಕಾರಣ ನಿಲ್ದಾಣದ ಹೊರಗಿದೆ. ಮನೆಯಿಂದ ಲಿಫ್ಟ್‌ವರೆಗೆ ಒಂದೇ ಒಂದು ಕಡೆ ದಾರಿ ತುಂಡಾದರೂ ಇಡೀ ಪ್ರಯಾಣ ರದ್ದು.

ಅಳತೆಗಳು ಕಾಗದದ ಮೇಲಿವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ 1.8 ಮೀಟರ್ ಅಗಲ ಖಾಲಿ ಇರಬೇಕು, ಎತ್ತರ 15 ಸೆಂ.ಮೀ. ಮೀರಬಾರದು. ರ‍್ಯಾಂಪ್‌ನ ಇಳಿಜಾರು 1:12. ಅಂದ್ರೆ ಎರಡು ಮೆಟ್ಟಿಲಿನ, ಸುಮಾರು ಒಂದಡಿ ಎತ್ತರದ ಬಾಗಿಲಿಗೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ನಮ್ಮಲ್ಲಿ ಮೂರಡಿ ಸಿಮೆಂಟ್ ಸುರಿದು ಕೈ ತೊಳೆದುಕೊಳ್ತಾರೆ. ಅದರ ಮೇಲೆ ಹತ್ತಲು ಹೋದರೆ ಕುರ್ಚಿ ಹಿಂದಕ್ಕೆ ಮಗುಚಬಹುದು. ಇನ್ನು ಬೈಕ್ ಹತ್ತಬಾರದೆಂದು ಫುಟ್‌ಪಾತಿಗೆ ನೆಡುವ ಕಂಬಗಳು ಬೈಕಿಗಿಂತ ಮೊದಲು ತಡೆಯೋದು ವೀಲ್‌ಚೇರನ್ನೇ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ-2016ರ ಸೆಕ್ಷನ್ 44ರಂತೆ, ಪ್ರವೇಶ ಸೌಲಭ್ಯದ ನಿಯಮ ಪಾಲಿಸದ ಕಟ್ಟಡಕ್ಕೆ ನಕ್ಷೆ ಮಂಜೂರಾತಿ ಕೊಡುವಂತಿಲ್ಲ. ಸೆಕ್ಷನ್ 45 ಹಳೆಯ ಸಾರ್ವಜನಿಕ ಕಟ್ಟಡಗಳಿಗೆ ಐದು ವರ್ಷ ಕೊಟ್ಟಿತ್ತು. ನಿಯಮಗಳು ಬಂದಿದ್ದು ಜೂನ್ 2017ರಲ್ಲಿ, ಗಡುವು 2022ಕ್ಕೇ ಮುಗಿದಿದೆ. ಉಲ್ಲಂಘನೆಗೆ ಮೊದಲ ಸಲ 10,000 ರೂ.ವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಮಾನದಂಡಗಳನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿದ್ದ 15ನೇ ನಿಯಮವನ್ನು ಕಾಯ್ದೆಗೆ ವಿರುದ್ಧ ಎಂದಿತು. ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ಬೆಂಗಳೂರಿಗೆ ಈ ಕೂಗು ಹೊಸದೂ ಅಲ್ಲ. ಪೋಲಿಯೊ ಬಾಧಿತರಾಗಿ ವೀಲ್‌ಚೇರ್ ಬಳಸುತ್ತಿದ್ದ ಎನ್.ಎಸ್. ಹೇಮಾ ಅವರು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಶುರು ಮಾಡಿದ್ದು 1959ರಲ್ಲಿ.

ಹಾಗಾದ್ರೆ ಕೇಳೋದು ಯಾರನ್ನ? ತೊಡಕಿರೋದೇ ಇಲ್ಲಿ. ಫುಟ್‌ಪಾತ್ ಪಾಲಿಕೆಯದು, ಬಸ್ ಬಿಎಂಟಿಸಿಯದು, ನಿಲ್ದಾಣ ಮೆಟ್ರೊ ನಿಗಮದ್ದು, ಹೆಬ್ಬಾಳದಾಚೆಯ ಬಳ್ಳಾರಿ ರಸ್ತೆ ರಾಷ್ಟ್ರೀಯ ಹೆದ್ದಾರಿ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸೋಕೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇಕಾ? ಆದರೆ ಇದೇ ಕಾಯ್ದೆಯಡಿ ಇರುವ ರಾಜ್ಯ ಆಯುಕ್ತರಿಗೆ ಎಲ್ಲರನ್ನೂ ಒಟ್ಟಿಗೆ ಕರೆಸುವ ಅಧಿಕಾರವಿದೆ. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಬಲವೇ ಇದೆ. ಜಾಗದ ಹೆಸರು, ಫೋಟೊ, ಟೇಪ್ ಹಿಡಿದು ತೆಗೆದ ಅಳತೆ ಸೇರಿಸಿ ದೂರು ಬರೆಯಿರಿ. ಹೆಬ್ಬಾಳ, ಜಕ್ಕೂರು ಮೇಲೆ ವಿಮಾನ ನಿಲ್ದಾಣಕ್ಕೆ ಹೋಗುವ ನೀಲಿ ಮಾರ್ಗದ ನಿಲ್ದಾಣಗಳ ಸುತ್ತಲಿನ ರಸ್ತೆಗಳಿಂದಲೇ ಶುರು ಮಾಡಬಹುದು.