ಅತ್ತವರು, ಅಳಿಸಿದವರು

ಷರ್ಲಾಕ್ ಹೋಮ್ಸನ ಹೆಸರು ಕೇಳದವರು ನಮ್ಮಲ್ಲಿ ಕಡಿಮೆ. ಅವನು ಮೊದಲು ಕಾಣಿಸಿಕೊಂಡ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’, 1887ರದು. ಅರ್ಧ ಮುಗಿಯುವ ಹೊತ್ತಿಗೆ ಕತೆ ಲಂಡನ್ ಬಿಟ್ಟು ಅಮೆರಿಕದ ಯೂಟಾ ಎಂಬ ಮರಳುಗಾಡಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಮಾರ್ಮನ್ನರೆಂಬ ಪಂಗಡ. ಒಬ್ಬೊಬ್ಬ ಗಂಡಸಿಗೆ ಹಲವು ಹೆಂಡಿರು. ಒಲ್ಲದ ಹುಡುಗಿಯನ್ನು ಬಲವಂತದಿಂದ ಮದುವೆಯಾಗುತ್ತಾರೆ, ಅಡ್ಡ ಬಂದವರ ಜೀವ ತೆಗೆಯುತ್ತಾರೆ. ಓದಿ ಮುಗಿಸಿದವರ ಮನಸ್ಸಿನಲ್ಲಿ ಮಾರ್ಮನ್ನರು ರಾಕ್ಷಸರಾಗಿಯೇ ಉಳಿದುಬಿಡುತ್ತಾರೆ. ಬರೆಯುವಾಗ ಕಾನನ್ ಡಾಯ್ಲ್ ಯೂಟಾವನ್ನು ಕಣ್ಣಿನಿಂದ ಕಂಡಿರಲಿಲ್ಲ. ಅಲ್ಲಿಗೆ ಹೋಗಿ ಅದೇ ಮಾರ್ಮನ್ನರ ಸಭಾಭವನದಲ್ಲಿ ಭಾಷಣ ಮಾಡಿದ್ದು 1923ರಲ್ಲಿ.

ಕಾದಂಬರಿಗಿರುವ ಬಲ ಇದು. ಚಿತ್ರದುರ್ಗದ ನಾಯಕರು ನಮ್ಮಲ್ಲಿ ಎಷ್ಟೋ ಜನರಿಗೆ ಪರಿಚಯವಾದದ್ದು ತ.ರಾ.ಸು. ಅವರ ಪುಸ್ತಕಗಳಿಂದ, ಪಾಠದಿಂದಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟ ನನಗೆ ಇದು ಚೆನ್ನಾಗಿ ಗೊತ್ತು. ಬೋರ್ಡಿನ ಮೇಲೆ ಬರೆದ ಇಸವಿ ಪರೀಕ್ಷೆ ಮುಗಿದ ದಿನವೇ ಮರೆತುಹೋಗುತ್ತದೆ; ಕತೆಯಲ್ಲಿ ಓದಿದ್ದು ಮುಪ್ಪಿನವರೆಗೂ ನೆನಪಿರುತ್ತದೆ. ಆದ್ದರಿಂದ ಇತಿಹಾಸವನ್ನು ಕತೆ ಮಾಡುವವರ ಹೊಣೆ ನಮ್ಮಂಥ ಮೇಷ್ಟರು, ಟೀಚರುಗಳ ಹೊಣೆಗಿಂತ ದೊಡ್ಡದು.

ಈ ಮಾತು ಈಗ ಬರಲು ಕಾರಣ ನನ್ನ ಅಕ್ಕನ ಮಗಳು. ಗಂಡನ ಕೆಲಸದ ನಿಮಿತ್ತ ಅವಳು ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಸಂಸಾರ ಹೂಡಿದ್ದಾಳೆ. ನೆರೆಹೊರೆಯವರೆಲ್ಲ ಮಾರ್ಮನ್ನರು. ಅವಳ ಬಾಣಂತನದಲ್ಲಿ ದಿನಕ್ಕೊಂದು ಮನೆಯವರು ಸರದಿ ಹಾಕಿಕೊಂಡು ಊಟ ತಂದುಕೊಟ್ಟರಂತೆ. ಆ ಋಣಕ್ಕೋ ಏನೋ, ಅವರ ಹಿರಿಯರ ಮೇಲೆ ಕಾದಂಬರಿ ಬರೆಯಲು ಹೊರಟಿದ್ದಾಳೆ. ಅಧ್ಯಾಯ ಮುಗಿದ ಹಾಗೆಲ್ಲ ಕಳಿಸಿ, “ಚಿಕ್ಕಮ್ಮ, ಓದಿ ಹೇಳು” ಅನ್ನುತ್ತಾಳೆ. ಆ ನೆಪದಲ್ಲಿ ನಾನೂ ಆ ಇತಿಹಾಸ ಓದಿದೆ.

ಜೋಸೆಫ್ ಸ್ಮಿತ್ ಎಂಬ ಯುವಕ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭಿಸಿದ ಪಂಥ ಅದು. ಗುಂಪಾಗಿ ಬಂದು ನೆಲ ಕೊಳ್ಳುವವರು, ಗುಂಪಾಗಿ ವೋಟು ಹಾಕುವವರು ಎಂದು ಹೋದಲ್ಲೆಲ್ಲ ನೆರೆಯವರಿಗೆ ಭಯ, ಅಸಹನೆ. ಮಿಸೂರಿ ರಾಜ್ಯದಲ್ಲಿ ಎರಡೂ ಕಡೆಯವರು ಬಂದೂಕು ಹಿಡಿದರು. 1838ರ ಅಕ್ಟೋಬರ್ 27ರಂದು ಅಲ್ಲಿನ ಗವರ್ನರ್ ಬಾಗ್ಸ್, ಮಾರ್ಮನ್ನರನ್ನು ನಿರ್ನಾಮ ಮಾಡಬೇಕು ಇಲ್ಲವೆ ರಾಜ್ಯದಿಂದ ಅಟ್ಟಬೇಕು ಎಂದು ಹುಕುಂ ಹೊರಡಿಸಿದ. ಅದು ಅಧಿಕೃತವಾಗಿ ರದ್ದಾದದ್ದು 1976ರಲ್ಲಿ! ಹುಕುಮಾದ ಮೂರನೆಯ ದಿನ ಹಾನ್ಸ್ ಮಿಲ್ ಎಂಬ ಗಿರಣಿ ಊರಿನ ಮೇಲೆ ಕುದುರೆ ಸವಾರರು ಬಿದ್ದರು. ಹದಿನೇಳು ಜನ ಸತ್ತರು. ಅಮಾಂಡಾ ಸ್ಮಿತ್ ಎಂಬಾಕೆಯ ಗಂಡನೂ, ಕಮ್ಮಾರಸಾಲೆಯ ತಿದಿಯ ಕೆಳಗೆ ಅವಿತಿದ್ದ ಹತ್ತು ವರ್ಷದ ಮಗನೂ ಅದರಲ್ಲಿ ಸೇರಿದ್ದರು. ಇನ್ನೊಬ್ಬ ಚಿಕ್ಕ ಮಗನ ಸೊಂಟದ ಕೀಲೇ ಗುಂಡಿಗೆ ಹಾರಿಹೋಗಿತ್ತು. ಆ ತಾಯಿ ಸೌದೆಯ ಬೂದಿಯ ತಿಳಿನೀರಿನಲ್ಲಿ ಗಾಯ ತೊಳೆದು, ಎಲ್ಮ್ ಮರದ ಬೇರು ಅರೆದು ಪಟ್ಟು ಹಾಕಿ, ಅವನನ್ನು ಮತ್ತೆ ನಡೆಯುವಂತೆ ಮಾಡಿದಳು. ಇದನ್ನೆಲ್ಲ ಆಕೆಯೇ ಹೇಳಿ ದಾಖಲಿಸಿದ್ದಾಳೆ.

ಅಲ್ಲಿಂದ ಅವರು ಇಲಿನಾಯ್ ರಾಜ್ಯಕ್ಕೆ ಹೋದರು. ಅಲ್ಲಿ 1844ರ ಜೂನ್ 27ರಂದು ಜೋಸೆಫ್ ಸ್ಮಿತ್‌ನನ್ನು ಜೈಲಿಗೆ ನುಗ್ಗಿ ಕೊಂದರು. 1846ರ ಫೆಬ್ರವರಿಯ ಚಳಿಯಲ್ಲಿ, ಕಟ್ಟಿದ ಊರನ್ನು ಬಿಟ್ಟು ಬಂಡಿ ಹೂಡಿದರು. ಬ್ರಿಗಮ್ ಯಂಗ್‌ನ ಮುಂದಾಳುತನದಲ್ಲಿ ಮೊದಲ ತಂಡ 1847ರ ಜುಲೈನಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿತು. ಮುಂದೆ ಬಂಡಿ ಕೊಳ್ಳಲಾಗದ ಬಡವರು ಕೈಗಾಡಿ ಎಳೆದುಕೊಂಡು ನಡೆದೇ ಬಂದರು. ತಲೆಗೆ ಹದಿನೇಳು ಪೌಂಡು ಸಾಮಾನು, ಅಂದರೆ ಏಳೂ ಮುಕ್ಕಾಲು ಕಿಲೋ. ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲಾ ಅದರೊಳಗೇ. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ದಾರಿಯಲ್ಲಿ ಹಿಮಕ್ಕೆ ಸಿಕ್ಕಿ, ಸುಮಾರು ಸಾವಿರ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು.

ನಮ್ಮ ಹುಡುಗಿಯ ಕಾದಂಬರಿ ಈ ದುಃಖಗಳನ್ನೆಲ್ಲ ತುಂಬಿಕೊಂಡಿತ್ತು. ನಾಯಕಿ ಅಮಾಂಡಾಳಂಥವಳು. ಮಿಸೂರಿಯಲ್ಲಿ ಮಗನನ್ನು ಮಣ್ಣುಮಾಡಿ, ಬಂಡಿಯ ಜೊತೆ ನಡೆದು, ಕೊನೆಗೆ ಕಣಿವೆಯ ಅಂಚಿನಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ಅಲ್ಲಿಗೆ ಮುಕ್ತಾಯ. ಓದಿ ನನಗೂ ಕಣ್ಣು ತೇವವಾಯಿತು. ಆದರೆ ಫೋನಿನಲ್ಲಿ ಹೇಳಿದೆ: “ಚೆನ್ನಾಗಿದೆ ಕಣೆ. ಆದರೆ ಹತ್ತು ವರ್ಷ ಮೊದಲೇ ನಿಲ್ಲಿಸಿದ್ದೀಯ.”

ಹತ್ತು ವರ್ಷ ಅಂದರೆ 1857. ಆ ವರ್ಷ ಅಮೆರಿಕದ ಅಧ್ಯಕ್ಷ ಬ್ಯೂಕನನ್ ಯೂಟಾಕ್ಕೆ ಸೈನ್ಯ ಕಳಿಸಿದ. ಮಿಸೂರಿಯ ಗತಿಯೇ ಮತ್ತೆ ಬಂತೆಂದು ಮಾರ್ಮನ್ನರು ನಡುಗಿದರು. ಅದೇ ಸಮಯಕ್ಕೆ ಆರ್ಕನ್ಸಾದಿಂದ ಕ್ಯಾಲಿಫೋರ್ನಿಯಕ್ಕೆ ಹೊರಟಿದ್ದ ಸಂಸಾರಗಳ ಬಂಡಿಸಾಲು ದಕ್ಷಿಣ ಯೂಟಾದ ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ ಬೀಡುಬಿಟ್ಟಿತ್ತು. ಮಾರ್ಮನ್ ದಂಡಿನವರು ಕೆಲವು ಪಯೂಟ್ ಬುಡಕಟ್ಟಿನವರನ್ನು ಸೇರಿಸಿಕೊಂಡು ಮುತ್ತಿಗೆ ಹಾಕಿದರು. ಸೆಪ್ಟೆಂಬರ್ 11ರಂದು ಬಿಳಿಯ ಬಾವುಟ ಹಿಡಿದು ಹೋದ ಜಾನ್ ಡಿ. ಲೀ ಎಂಬಾತ, ಆಯುಧ ಒಪ್ಪಿಸಿದರೆ ಸುರಕ್ಷಿತವಾಗಿ ಸಾಗಿಸುತ್ತೇವೆಂದು ಮಾತು ಕೊಟ್ಟ. ನಂಬಿ ಹೊರಬಂದ ಗಂಡಸರು, ಹೆಂಗಸರು, ಮಕ್ಕಳನ್ನು ಕೊಂದುಹಾಕಿದರು. ಆ ದಿನಗಳಲ್ಲಿ ಒಟ್ಟು ಸತ್ತವರು ಸುಮಾರು ನೂರಿಪ್ಪತ್ತು ಮಂದಿ. ಸಾಕ್ಷಿ ಹೇಳಲಾರದಷ್ಟು ಎಳೆಯರೆಂದು ಹದಿನೇಳು ಮಕ್ಕಳನ್ನು ಮಾತ್ರ ಉಳಿಸಿ ಮಾರ್ಮನ್ ಮನೆಗಳಿಗೆ ಹಂಚಿದರು. 1859ರಲ್ಲಿ ಆ ಮಕ್ಕಳು ಆರ್ಕನ್ಸಾದ ಬಂಧುಗಳಿಗೆ ಸೇರಿದರು. ಶಿಕ್ಷೆಯಾದದ್ದು ಲೀ ಒಬ್ಬನಿಗೆ, ಅದೂ 1877ರಲ್ಲಿ.

ಹಾನ್ಸ್ ಮಿಲ್‌ನಲ್ಲಿ ಹದಿನೇಳು ಹೆಣ, ಇಲ್ಲಿ ಹದಿನೇಳು ತಬ್ಬಲಿಗಳು. ನಡುವೆ ಹತ್ತೊಂಬತ್ತೇ ವರ್ಷ. ಅತ್ತವರೇ ಅಳಿಸಿದರು.

“ಅಷ್ಟು ನೊಂದವಳನ್ನು ಕೊಲೆಗಾರನ ಹೆಂಡತಿ ಮಾಡಲಾ ಚಿಕ್ಕಮ್ಮ? ಊಟ ಕೊಟ್ಟವರ ಮುಂದೆ ಆ ಪುಸ್ತಕ ಹೇಗೆ ಇಡಲಿ?” ಎಂದು ನಮ್ಮ ಹುಡುಗಿ ಕೇಳಿದಳು. ಸುಳ್ಳು ಪ್ರಶ್ನೆಯಲ್ಲ ಅದು. ಉತ್ತರವಾಗಿ ನಾನು ಹ್ವಾನಿಟಾ ಬ್ರೂಕ್ಸ್ ಎಂಬ ಹೆಂಗಸಿನ ವಿಷಯ ಹೇಳಿದೆ.

ಆಕೆ 1898ರಲ್ಲಿ ಹುಟ್ಟಿದ, ನಿಷ್ಠಾವಂತ ಮಾರ್ಮನ್ ಮನೆತನದ ಹೆಣ್ಣು, ಸ್ಕೂಲ್ ಟೀಚರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ಕೈಗೂಸಿನ ಜೊತೆ ಉಳಿದವಳು. ಆ ಊರಿನ ಮುದುಕನೊಬ್ಬ, ನೀಫೈ ಜಾನ್ಸನ್, ಯಾರಿಗೂ ಹೇಳದ ಸಂಗತಿಯೊಂದನ್ನು ಬರೆದುಕೊಳ್ಳಬೇಕೆಂದು ಈ ಟೀಚರನ್ನು ಕೇಳಿಕೊಂಡಿದ್ದನಂತೆ. ಆಕೆಗೆ ಬಿಡುವಾಗಿ ಹೋಗುವಷ್ಟರಲ್ಲಿ ಅವನು ಸಾವಿನ ಹಾಸಿಗೆಯಲ್ಲಿದ್ದ. ರಕ್ತ, ರಕ್ತ ಎಂದು ಕನವರಿಸುತ್ತಿದ್ದ. ಮೌಂಟನ್ ಮೆಡೋಸ್‌ನಲ್ಲಿ ಇದ್ದವರಲ್ಲಿ ಅವನೂ ಒಬ್ಬ ಎಂದು ಆಮೇಲೆ ತಿಳಿಯಿತು. ಮುಂದೆ ಆಕೆ ಮತ್ತೆ ಮದುವೆಯಾಗಿ, ಮನೆ ತುಂಬ ಮಕ್ಕಳನ್ನು ಸಾಕುತ್ತ, ದಾಖಲೆ ಹುಡುಕಿ ಹುಡುಕಿ ಬರೆದಳು. ಇಸ್ತ್ರಿ ಮಾಡುವ ಬಟ್ಟೆಯ ರಾಶಿ ಪಕ್ಕದಲ್ಲೇ ಇರುತ್ತಿತ್ತು. ನೆರೆಯವರು ಬಂದರೆ ಟೈಪ್‌ರೈಟರಿನ ಮೇಲೆ ಅದನ್ನು ಮುಚ್ಚಿಬಿಡುತ್ತಿದ್ದಳು ಎನ್ನುತ್ತಾರೆ. ಪುಸ್ತಕ 1950ರಲ್ಲಿ ಹೊರಬಂತು. ಎಷ್ಟೋ ಜನ ಮುಖ ತಿರುಗಿಸಿದರು. ಆಕೆ ತನ್ನ ಚರ್ಚು ಬಿಡಲಿಲ್ಲ, ಬರೆದದ್ದನ್ನು ಅಳಿಸಲೂ ಇಲ್ಲ. ತನ್ನವರೆಂಬ ಪ್ರೀತಿಯಿಂದಲೇ ನಿಜ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಬೇಕಿಲ್ಲ.

ಆದರೆ ಬ್ರೂಕ್ಸ್ ಬರೆದದ್ದು ಇತಿಹಾಸ. ಕಾದಂಬರಿಯ ಕೆಲಸ ಬೇರೆ. ಆಕೆ ಬದುಕಿದ ಸೇಂಟ್ ಜಾರ್ಜ್ ಊರಿನವಳೇ ಮಾರೀನ್ ವಿಪಲ್. 1941ರಲ್ಲಿ ‘ದಿ ಜೈಂಟ್ ಜೋಶುವಾ’ ಎಂಬ ಕಾದಂಬರಿ ಬರೆದಳು. ವಯಸ್ಸಾದ ಗಂಡನಿಗೆ ಮೂರನೆಯ ಹೆಂಡತಿಯಾಗಿ ಬಂದ ಹುಡುಗಿಯೊಬ್ಬಳ ಕತೆ. ಸವತಿಯರ ನಡುವಿನ ಬಾಳು, ಬಿಸಿಲು, ಹಸಿವು, ಸತ್ತ ಕೂಸುಗಳು. ದಾಖಲೆಯಲ್ಲಿ ಆ ಹುಡುಗಿಗೆ ಒಂದು ಸಾಲು ಸಿಕ್ಕಿದರೆ ಹೆಚ್ಚು. ಕಾದಂಬರಿಯಲ್ಲಿ ಅವಳಿಗೆ ಒಂದು ಮನಸ್ಸು ಸಿಕ್ಕಿತು.

ಆದ್ದರಿಂದ ನಮ್ಮ ಹುಡುಗಿಗೆ ಹೇಳಿದೆ: ಒಲೆಯ ಮುಂದಿನ ಮಾತು, ರಾತ್ರಿಯ ಅಳು, ಗಂಡಹೆಂಡಿರ ಮೌನ ಇವನ್ನು ನೀನು ಕಲ್ಪಿಸಬಹುದು. ಯಾರು ಮಾತು ಕೊಟ್ಟರು, ಯಾರು ಗುಂಡು ಹಾರಿಸಿದರು ಎಂಬುದನ್ನು ಕಲ್ಪಿಸಬೇಡ. ನಿನ್ನ ನಾಯಕಿಗೆ ಅಮಾಂಡಾಳ ಹೆಸರು ಇಡಬೇಡ. ಆ ತಾಯಿ ಪಡದ ಪಾಪವನ್ನು ಅವಳ ಮನೆಗೆ ಹೊರಿಸುವ ಹಕ್ಕು ನಮಗಿಲ್ಲ.

ಇನ್ನೊಂದು ಮಾತೂ ಹೇಳಿದೆ. ಈ ಕತೆಯಲ್ಲಿ ದಿನಚರಿ ಬರೆಯದ ಹೆಂಗಸರೂ ಇದ್ದಾರೆ. ಆ ನೆಲ ಮೊದಲು ಪಯೂಟರದು. ಅವರ ಹೆಂಗಸರು ಹುಲ್ಲಿನ ಬೀಜ ಬಡಿದು ತಂದು ಊಟ ಮಾಡುತ್ತಿದ್ದರು; ವಲಸೆ ಬಂದವರ ದನಗಳು ಆ ಹುಲ್ಲನ್ನು ಮೇದುಬಿಟ್ಟವು. ಮೌಂಟನ್ ಮೆಡೋಸ್ ಆದ ಮೇಲೆ ಅಪವಾದವೆಲ್ಲ ಅವರ ತಲೆಗೆ ಬಂತು. 1866ರಲ್ಲಿ ಸರ್ಕಲ್‌ವಿಲ್ ಎಂಬಲ್ಲಿ ಮಾರ್ಮನ್ ವಲಸಿಗರು ತಾವು ಹಿಡಿದಿಟ್ಟ ಪಯೂಟರನ್ನೇ, ಹೆಂಗಸರು ಮಕ್ಕಳೆನ್ನದೆ, ಕೊಂದರು. ಅಲ್ಲೂ ಉಳಿಸಿದ್ದು ಕೆಲವು ಎಳೆಯ ಮಕ್ಕಳನ್ನು ಮಾತ್ರ. ಆ ಸತ್ತವರಿಗೆ ಸ್ಮಾರಕದ ಕಲ್ಲು ನಿಂತದ್ದು 2016ರಲ್ಲಿ. ಮೌಂಟನ್ ಮೆಡೋಸ್‌ನ ಅಪವಾದವನ್ನು ಪಯೂಟರು ಅನ್ಯಾಯವಾಗಿ ಹೊತ್ತರೆಂದು ಮಾರ್ಮನ್ ಚರ್ಚು ವಿಷಾದ ಹೇಳಿದ್ದು 2007ರಲ್ಲಿ, ನೂರೈವತ್ತು ವರ್ಷದ ಮೇಲೆ.

ಅಕ್ಕನ ಮಗಳು ಒಂದು ತಿಂಗಳು ಏನೂ ಕಳಿಸಲಿಲ್ಲ. ಮೊನ್ನೆ ಹೊಸ ಅಧ್ಯಾಯ ಬಂತು. ಗಂಡ ರಾತ್ರಿ ಬಂದು, ಆರ್ಕನ್ಸಾದ ಎರಡು ವರ್ಷದ ಮಗುವೊಂದನ್ನು ನಾಯಕಿಯ ಮಡಿಲಿಗೆ ಹಾಕುತ್ತಾನೆ, ಎಲ್ಲಿಯದೆಂದು ಹೇಳುವುದಿಲ್ಲ. ಮಗುವಿನ ಅಂಗಿಯ ಮೇಲೆ ಕಲೆ. ಅವಳು ನೀರು ಕಾಯಿಸಿ, ಅಂಗಿ ಒಗೆದು, ಮಗುವಿಗೆ ಹಾಲು ಬ್ರೆಡ್ಡು ಉಣಿಸುತ್ತಾಳೆ. ಉಣಿಸುತ್ತ ಅವಳಿಗೆ ಎಲ್ಲ ತಿಳಿಯುತ್ತದೆ. ಮಿಸೂರಿಯಲ್ಲಿ ಮಗನನ್ನು ಮಣ್ಣುಮಾಡಿದ ಕೈ ಅದೇ.

ಆ ಪುಟದಲ್ಲಿ ತಿದ್ದುವುದೇನೂ ಇರಲಿಲ್ಲ. ನೆರೆಮನೆಯ ಅಜ್ಜಿಗೆ ಅದನ್ನು ಮೊದಲು ಓದಿ ಹೇಳುತ್ತಾಳಂತೆ.